ಮಾತು ನಿಮ್ಮದು, ಬೆಲೆ ಯಾರದು?

ಈ ಸಲ ಯುಗಾದಿಗೆ ಬೆಂಗಳೂರಿನಿಂದ ಮೊಮ್ಮಗ ಒಬ್ಬನೇ ಬಂದ. ಹಬ್ಬ ಯಾವುದೇ ಇರಲಿ, ಅವನ ಜೊತೆ ಇನ್ನೊಬ್ಬ ಹುಡುಗ ಬಸ್ಸಿಳಿಯುತ್ತಿದ್ದ. ಒಂದನೇ ಕ್ಲಾಸಿನಿಂದ ಒಂದೇ ಬೆಂಚು, ಬೆಂಗಳೂರಿಗೆ ಹೋದ ಮೇಲೆ ಒಂದೇ ರೂಮು. ನಮ್ಮ ಮನೆಯಲ್ಲಿ ಅವನಿಗೂ ಒಂದು ತಟ್ಟೆ, ಒಂದು ಹಾಸಿಗೆ ಖಾಯಂ. ‘ಎಲ್ಲೋ ಅವನು?’ ಅಂತ ಕೇಳಿದರೆ, ‘ಅವನ ವಿಷ್ಯ ಬಿಡಜ್ಜ’ ಅಂದ. ಮುಖ ತಿರುಗಿಸಿಕೊಂಡು ಒಳಗೆ ಹೋದ.

ಕಡೆಗೆ ಅಜ್ಜಿಯ ಹತ್ತಿರ ಬಾಯಿಬಿಟ್ಟನಂತೆ. ಶುರುವಾಗಿದ್ದು ಒಂದು ಸಿನಿಮಾದಿಂದ. ಆ ಹುಡುಗನ ಮೆಚ್ಚಿನ ನಟನ ಚಿತ್ರವನ್ನು ಇವನು ಡಬ್ಬಾ ಎಂದು ಬರೆದ. ಆಮೇಲೆ ಚುನಾವಣೆ ಬಂತು, ಅವನೊಂದು ಪಕ್ಷ, ಇವನೊಂದು ಪಕ್ಷ. ಮಾತು ಪಕ್ಷದಿಂದ ಜಾತಿಗೆ ಜಾರಿತು, ಜಾತಿಯಿಂದ ಮನೆಯವರ ಮೇಲೆ ಹೋಯಿತು. ಒಬ್ಬರನ್ನೊಬ್ಬರು ಬ್ಲಾಕ್ ಮಾಡಿಕೊಂಡರು, ರೂಮು ಬೇರೆಯಾಯಿತು. ಹದಿನಾರು ವರ್ಷದ ಸ್ನೇಹ ಹದಿನಾರು ಮೆಸೇಜೂ ಬಾಳಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹರೆಯದಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ಅವನಿಗೆ ಎದುರಿಗೆ ಕೂರಿಸಿಕೊಂಡು ಹೇಳಲಾಗದ್ದನ್ನು, ಮಕ್ಕಳೇ, ನಿಮ್ಮೆಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನಾನು ದೊಡ್ಡ ಓದು ಓದಿದವನಲ್ಲ. ಚಿಕ್ಕಮಗಳೂರಿನಲ್ಲಿ 42 ವರ್ಷ ಪೇಪರ್ ಏಜೆಂಟ್ ಆಗಿದ್ದವನು. ಬೆಳಗಿನ ಜಾವ ನಾಲ್ಕೂವರೆಗೆ ಬಂಡಲು ಇಳಿಸಿ, ಹುರಿ ಕತ್ತರಿಸಿ, ಎಣಿಸಿ, ಪುರವಣಿ ಸೇರಿಸಿ ಹುಡುಗರ ಸೈಕಲ್ಲಿಗೆ ಹಾಕಿ ಕಳಿಸುವುದರೊಳಗೆ ಬೆರಳೆಲ್ಲ ಕಪ್ಪಾಗಿರುತ್ತಿತ್ತು. ಆರು ಗಂಟೆಗೆ ಜನ ಬರುತ್ತಿದ್ದರು. ಪೇಪರ್ ಕೊಂಡು ಅಲ್ಲೇ ನಿಂತು ಓದುತ್ತಿದ್ದರು, ಓದುತ್ತಲೇ ವಾದಕ್ಕೆ ಇಳಿಯುತ್ತಿದ್ದರು. ತುರ್ತುಪರಿಸ್ಥಿತಿ, ಗೋಕಾಕ್ ಚಳವಳಿ, ರಾಜ್‌ಕುಮಾರ್ ಅಪಹರಣದ 108 ದಿನಗಳು, ಎಲ್ಲದರ ಬಗ್ಗೆಯೂ ಊರಿನ ಮಾತು ಮೊದಲು ಬೀಳುತ್ತಿದ್ದುದು ನನ್ನ ಕಿವಿಗೇ.

ಅಭಿಪ್ರಾಯ ಇಟ್ಟುಕೊಳ್ಳಬೇಡಿ, ರಾಜಕೀಯದ ಗೊಡವೆ ನಿಮಗೇಕೆ, ಸಿನಿಮಾದಿಂದ ಹೊಟ್ಟೆ ತುಂಬುತ್ತದೆಯೇ ಎಂದು ಹೇಳುವ ಹಿರಿಯರ ಸಾಲಿಗೆ ನನ್ನನ್ನು ಸೇರಿಸಬೇಡಿ. ಹದಿನೆಂಟು ತುಂಬಿದವರಿಗೆ ವೋಟು ಕೊಟ್ಟ ದೇಶ ಇದು. ವೋಟು ಹಾಕುವವರು ಮಾತಾಡಲೇಬೇಕು. ನಾನು ಕೇಳಿಕೊಳ್ಳುವುದು ಒಂದೇ. ಬಾಯಿ ತೆರೆಯುವ ಮುಂಚೆ, ಈಗಿನ ಕಾಲಕ್ಕೆ ಹೇಳುವುದಾದರೆ ಬೆರಳು ಒತ್ತುವ ಮುಂಚೆ, ನಿಮ್ಮನ್ನು ನೀವೇ ಕೇಳಿಕೊಳ್ಳಿ: ಈ ಮಾತಿಗೆ ಬೆಲೆ ತೆರುವವರು ಯಾರು? ನಾನೋ, ಬೇರೆ ಯಾರೋ?

ಮೊದಲು ಸಿನಿಮಾ ವಿಷಯಕ್ಕೆ ಬರುತ್ತೇನೆ, ಮೊಮ್ಮಗನ ಜಗಳ ಅಲ್ಲಿಂದಲೇ ಶುರುವಾದದ್ದರಿಂದ.

1972ರ ಕೊನೆಯಲ್ಲಿ ‘ನಾಗರಹಾವು’ ಬಂತು. ಅದರ ನಾಯಕ ರಾಮಾಚಾರಿಯ ಹಾಗೆ ನಡೆಯದ, ಅವನ ಹಾಗೆ ಕತ್ತು ತಿರುಗಿಸದ ಹುಡುಗರು ಆಗ ಇರಲಿಲ್ಲ. ಆದರೆ ಕಾದಂಬರಿ ಬರೆದ ತ.ರಾ.ಸು. ಅವರಿಗೇ ಆ ಸಿನಿಮಾ ಹಿಡಿಸಲಿಲ್ಲ. ತಮ್ಮ ನಾಗರಹಾವು ತೆರೆಯ ಮೇಲೆ ಕೇರೆಹಾವಾಯಿತು ಎಂಬರ್ಥದಲ್ಲಿ ಬೇಸರಪಟ್ಟುಕೊಂಡರು. ಚಿತ್ರದುರ್ಗದ ಕಲ್ಲುಕಲ್ಲನ್ನೂ ಬಲ್ಲವರು ಅವರು. ಆ ಪಾತ್ರಗಳನ್ನು ಹೊತ್ತು ಹೆತ್ತವರು. ಹಾಗೆ ಹೇಳುವ ಅಧಿಕಾರ ಅವರಿಗಿತ್ತು. ಇತ್ತ ಚಿತ್ರದ ನಿರ್ದೇಶಕ ಪುಟ್ಟಣ್ಣನವರೂ ತಮ್ಮ ಕಣ್ಣಿಗೆ ಕಂಡ ರಾಮಾಚಾರಿಯನ್ನು ಜೀವ ತೇಯ್ದು ತೆರೆಗೆ ತಂದಿದ್ದರು. ಇಬ್ಬರ ಮಾತಿನ ಹಿಂದೆಯೂ ದುಡಿಮೆ ಇತ್ತು. ನೀವು ಗಮನಿಸಬೇಕಾದದ್ದು ಮುಂದಿನದು. ಪುಟ್ಟಣ್ಣ ಕಣಗಾಲ್ ತಮ್ಮ ಕಡೆಯ ಚಿತ್ರಕ್ಕೆ ಎತ್ತಿಕೊಂಡ ಕತೆ ‘ಮಸಣದ ಹೂವು’. ಅದೂ ತ.ರಾ.ಸು. ಅವರ ಕಾದಂಬರಿಯೇ. ಒಂದು ಕೃತಿಯ ಬಗ್ಗೆ ಬಂದ ಭಿನ್ನಾಭಿಪ್ರಾಯ ಇಬ್ಬರ ನಡುವಿನ ಬಾಗಿಲು ಮುಚ್ಚಲಿಲ್ಲ. ನಿಮ್ಮ ಗೆಳೆಯ ಮೆಚ್ಚಿದ ಸಿನಿಮಾ ನಿಮಗೆ ಹಿಡಿಸದಿದ್ದರೆ ಧಾರಾಳವಾಗಿ ಹೇಳಿ. ಆದರೆ ನೋಡಿ ಹೇಳಿ. ಟೀಸರ್ ನೋಡಿ ತೀರ್ಪು ಕೊಡಬೇಡಿ. ‘ಹಿಡಿಸಲಿಲ್ಲ’ ಎಂಬಲ್ಲಿಗೆ ನಿಲ್ಲಬೇಡಿ, ಯಾವ ದೃಶ್ಯ, ಯಾಕೆ ಎಂದು ಹೇಳಿ. ಮೂರು ಗಂಟೆಯ ಹೊತ್ತು ಮತ್ತು ಟಿಕೆಟ್ಟಿನ ದುಡ್ಡು ತೆತ್ತು ಹೇಳಿದ ಮಾತಿಗೆ ಒಂದು ತೂಕ ಇರುತ್ತದೆ.

ನಾನು ಹಾಗೆ ನಡೆದುಕೊಳ್ಳಲಿಲ್ಲ. 1973ರಲ್ಲಿ ‘ಗಂಧದ ಗುಡಿ’ ಬಂದಾಗ ಅದರ ಚಿತ್ರೀಕರಣದಲ್ಲಿ ನಡೆದದ್ದೆಂದು ಒಂದು ಗಾಳಿಸುದ್ದಿ ನಾಡಿಡೀ ಹಬ್ಬಿತ್ತು. ಆ ಸೆಟ್ಟಿನಲ್ಲಿ ನಾನಿರಲಿಲ್ಲ, ಇದ್ದವರನ್ನು ಕಂಡವನೂ ಅಲ್ಲ. ಆದರೂ ಕಣ್ಣಾರೆ ಕಂಡವನ ಹಾಗೆ ಹತ್ತು ಜನಕ್ಕೆ ಹೇಳಿದೆ, ಪ್ರತಿ ಸಲವೂ ಒಂದಿಷ್ಟು ಉಪ್ಪುಖಾರ ಸೇರಿಸಿದೆ. ನನಗೆ ಅದರಿಂದ ನಯಾಪೈಸೆ ಖರ್ಚಾಗಲಿಲ್ಲ. ಬೆಲೆ ತೆತ್ತವರು ಆ ಚಿತ್ರದಲ್ಲಿ ನಟಿಸಿದ್ದ ವಿಷ್ಣುವರ್ಧನ್. ಅವರನ್ನು ಆ ಗುಲ್ಲು ವರ್ಷಗಟ್ಟಲೆ ಬಿಡದೆ ನೋಯಿಸಿತು. 2009ರ ಡಿಸೆಂಬರ್ 30ರಂದು ಅವರು ತೀರಿಕೊಂಡ ಸುದ್ದಿ ಬಂದಾಗ, ಮರುದಿನದ ಬಂಡಲು ಬಿಚ್ಚುತ್ತಾ ನನಗೆ ನೆನಪಾದದ್ದು ಆ ಹತ್ತು ಜನರ ಮುಖ. ಅವರಲ್ಲಿ ಒಬ್ಬರ ಬಳಿಗೂ ಹೋಗಿ ‘ಅದು ನಾನು ಕಂಡದ್ದಲ್ಲ’ ಎಂದು ಹೇಳಿರಲಿಲ್ಲ.

ಅಭಿಮಾನ ಇರಬೇಕು. ಆದರೆ ಅದರ ಬೆಲೆಯನ್ನು ಯಾರಾದರೂ ಜೀವದಿಂದ ತೆರಬೇಕಾಗಿ ಬಂದರೆ ಅದು ದಾರಿ ತಪ್ಪಿದೆ ಎಂದೇ ಅರ್ಥ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ, ನಟರೊಬ್ಬರ ಹುಟ್ಟುಹಬ್ಬಕ್ಕೆಂದು ಕಟೌಟ್ ನಿಲ್ಲಿಸಲು ಹೋದ ಮೂವರು ಹುಡುಗರು ಕರೆಂಟು ಹೊಡೆದು ಸತ್ತರು. ನಿಮ್ಮದೇ ವಯಸ್ಸಿನವರು. ಆ ನಟರೇ ಊರಿಗೆ ಬಂದು, ಹೀಗೆಲ್ಲ ಅಭಿಮಾನ ತೋರಬೇಡಿ ಎಂದು ಬೇಡಿಕೊಂಡರು. ಇದಕ್ಕೆ ಎದುರಾಗಿ ಇನ್ನೊಂದನ್ನೂ ನಾನು ಕಂಡಿದ್ದೇನೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಅದನ್ನು ಓದಿದ ಎಷ್ಟೋ ಅಭಿಮಾನಿಗಳು ಸಾಲುಸಾಲಾಗಿ ನಿಂತು ನೇತ್ರದಾನಕ್ಕೆ ಹೆಸರು ಬರೆಸಿದರು. ತಮ್ಮ ಪ್ರೀತಿಯ ಬೆಲೆಯನ್ನು ತಾವೇ ತೆತ್ತವರು ಅವರು. ಅಂಥ ಅಭಿಮಾನಕ್ಕೆ ನಾನು ಕೈ ಮುಗಿಯುತ್ತೇನೆ.

ಸಿನಿಮಾದಿಂದ ರಾಜಕೀಯಕ್ಕೆ ದಾಟುವಾಗ ನನಗೆ ಯಾವಾಗಲೂ ಒಬ್ಬ ಹೆಣ್ಣುಮಗಳ ನೆನಪಾಗುತ್ತದೆ. ಅನಂತಮೂರ್ತಿಯವರ ಕಾದಂಬರಿ ಆಧರಿಸಿದ ‘ಸಂಸ್ಕಾರ’ದಲ್ಲಿ ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ. ಜಾತಿಯ ಭಾವನೆ ಕೆರಳುತ್ತದೆಂದು ಮದರಾಸಿನ ಸೆನ್ಸಾರ್ ಮಂಡಳಿ ಆ ಚಿತ್ರವನ್ನು ಮೊದಲು ತಡೆದಿತ್ತು. ನೋಡದೆಯೇ ಬೈದವರು ಆಗಲೂ ಇದ್ದರು. ಕಡೆಗೆ ಬಿಡುಗಡೆಯಾಗಿ, 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಆರೇ ವರ್ಷ ಕಳೆದು, ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಸ್ನೇಹಲತಾ ಅವರನ್ನು ಹಿಡಿದು ಬೆಂಗಳೂರಿನ ಸೆಂಟ್ರಲ್ ಜೈಲಿಗೆ ಹಾಕಿದರು. ಅವರಿಗೆ ಆಸ್ತಮಾ. ಜೈಲಿನಲ್ಲಿ ಅದು ವಿಪರೀತಕ್ಕೆ ಹೋಯಿತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದವರು ಕೆಲವೇ ದಿನಗಳಲ್ಲಿ ತೀರಿಕೊಂಡರು. ಯಾವ ಮೊಕದ್ದಮೆಯ ಹೆಸರಿನಲ್ಲಿ ಹಿಡಿದಿದ್ದರೋ ಅದರ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ತುರ್ತುಪರಿಸ್ಥಿತಿಯನ್ನು ಒಪ್ಪದ ಅಭಿಪ್ರಾಯಕ್ಕೆ ಅವರು ತೆತ್ತ ಬೆಲೆ ಅಷ್ಟು. ಮನೆಯ ಸೋಫಾದಲ್ಲಿ ಒರಗಿಕೊಂಡು ಯಾರನ್ನಾದರೂ ‘ದೇಶದ್ರೋಹಿ’ ಎಂದೋ ‘ಗುಲಾಮ’ ಎಂದೋ ಟೈಪ್ ಮಾಡುವ ಮುಂಚೆ ಅವರನ್ನೊಮ್ಮೆ ನೆನೆಯಿರಿ.

ಈಗ ನನ್ನ ಕತೆ.

ನನ್ನ ಅಂಗಡಿಯ ಎದುರಿಗೇ ನನ್ನ ಗೆಳೆಯನದು ಕಾಫಿಪುಡಿ ಅಂಗಡಿ. ಬೆಳಿಗ್ಗೆ ಅವನು ಬೀಜ ಹುರಿಯುವ ಹೊಗೆ, ನನ್ನ ಪೇಪರಿನ ಶಾಯಿಯ ವಾಸನೆ ಎರಡೂ ಒಂದಾಗಿ ಇಡೀ ಬೀದಿಗೆ ಹರಡುತ್ತಿತ್ತು. ಪೇಪರ್ ಮೊದಲು ಅವನಿಗೆ, ಮೊದಲ ಲೋಟ ಕಾಫಿ ನನಗೆ. ಹತ್ತು ವರ್ಷ ಹಾಗೇ ನಡೆದಿತ್ತು.

1978ರಲ್ಲಿ ನಮ್ಮ ಸಂಸದ ಡಿ.ಬಿ. ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟಾಗ, ನಮ್ಮ ಕ್ಷೇತ್ರದಿಂದ ಇಂದಿರಾ ಗಾಂಧಿ ನಿಂತರು. ಎದುರಿಗೆ ಜನತಾ ಪಕ್ಷದಿಂದ ವೀರೇಂದ್ರ ಪಾಟೀಲರು. ಇಡೀ ದೇಶದ ಕಣ್ಣು ನಮ್ಮ ಊರಿನ ಮೇಲೆ. ದೂರದ ಊರುಗಳ ಪತ್ರಕರ್ತರೆಲ್ಲ ನನ್ನ ಅಂಗಡಿ ಮುಂದೆ ನಿಂತು ಜನರನ್ನು ಮಾತಾಡಿಸುತ್ತಿದ್ದರು. ನಾನು ವೀರೇಂದ್ರ ಪಾಟೀಲರ ಕಡೆ. ತುರ್ತುಪರಿಸ್ಥಿತಿಯಲ್ಲಿ ಬಾಯಿಗೆ ಬೀಗ ಹಾಕಿಸಿಕೊಂಡ ಪೇಪರುಗಳನ್ನು ದಿನಾ ಕೈಯಾರೆ ಹಂಚಿದ್ದವನು, ನನಗೆ ಸಿಟ್ಟಿತ್ತು. ಗೆಳೆಯ ಇಂದಿರಾ ಅವರ ಕಡೆ. ಯಾಕೆಂದು ನಾನು ಕೇಳಲೇ ಇಲ್ಲ. ವೋಟಿಗೆ ಮೂರು ದಿನ ಇರುವಾಗ, ನಾಲ್ಕು ಜನರ ಎದುರು, ‘ನಿನ್ನಂಥ ಗುಲಾಮರಿಂದಲೇ ದೇಶ ಹಾಳಾಗಿದ್ದು’ ಎಂದುಬಿಟ್ಟೆ. ಅದು ನನ್ನ ಸ್ವಂತ ಮಾತೂ ಅಲ್ಲ, ಹಿಂದಿನ ದಿನ ಭಾಷಣದಲ್ಲಿ ಕೇಳಿದ್ದು. ಅವನು ಕೈಯಲ್ಲಿದ್ದ ಲೋಟ ಕೆಳಗಿಟ್ಟ. ‘ನಾಳೆಯಿಂದ ಪೇಪರ್ ಬೇಡ’ ಅಂದ. ಅಷ್ಟೇ ಅವನು ಆಡಿದ್ದು.

ಇಂದಿರಾ ಗಾಂಧಿ 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಡಿಸೆಂಬರಿನಲ್ಲಿ ಲೋಕಸಭೆ ಅವರ ಸದಸ್ಯತ್ವವನ್ನೇ ರದ್ದುಮಾಡಿತು. ನಾವು ಊರಿಗೆ ಊರೇ ಬಡಿದಾಡಿ ಗೆಲ್ಲಿಸಿದ, ಸೋಲಿಸಲು ನೋಡಿದ ಆ ಸ್ಥಾನ ಎರಡು ತಿಂಗಳೂ ಉಳಿಯಲಿಲ್ಲ. ಮರುವರ್ಷ ನನ್ನ ಮದುವೆ. ಗೆಳೆಯನ ಮನೆಗೆ ನಾನು ಹೋಗಿ ಕರೆಯಲಿಲ್ಲ, ಲಗ್ನಪತ್ರಿಕೆಯನ್ನು ಹುಡುಗನ ಕೈಯಲ್ಲಿ ಕಳಿಸಿದೆ. ಅವನು ಬರಲಿಲ್ಲ. ಮದುವೆಯ ಗ್ರೂಪ್ ಫೋಟೊ ಈಗಲೂ ಗೋಡೆಯ ಮೇಲಿದೆ. ಅದರಲ್ಲಿ ಊರಿನವರೆಲ್ಲ ಇದ್ದಾರೆ, ಅವನೊಬ್ಬ ಇಲ್ಲ.

1980ರಲ್ಲಿ ಒಂದು ಬೆಳಿಗ್ಗೆ ಬಂಡಲು ಬಿಚ್ಚಿದರೆ, ಇಂದಿರಾ ಗಾಂಧಿಯವರ ಸಂಪುಟದ ಸಚಿವರ ಸಾಲಿನಲ್ಲಿ ಒಂದು ಹೆಸರು: ವೀರೇಂದ್ರ ಪಾಟೀಲ್. ಯಾರ ವಿರುದ್ಧ ನಿಂತು ಸೋತಿದ್ದರೋ ಅವರ ಪಕ್ಷವನ್ನೇ ಸೇರಿ ಕೇಂದ್ರದ ಮಂತ್ರಿಯಾಗಿದ್ದರು. 1989ರಲ್ಲಿ ಅದೇ ಕಾಂಗ್ರೆಸ್ಸಿನಿಂದ ನಮ್ಮ ಮುಖ್ಯಮಂತ್ರಿಯೂ ಆದರು. ಕ್ಷೇತ್ರ ಬಿಟ್ಟುಕೊಟ್ಟಿದ್ದ ಚಂದ್ರೇಗೌಡರು ಮುಂದೆ ಬೇರೆ ಬೇರೆ ಪಕ್ಷಗಳನ್ನು ಹಾದು 2009ರಲ್ಲಿ ಬಿಜೆಪಿಯಿಂದ ಸಂಸದರಾದರು. ನಾನು ಇವರನ್ನು ದೂರುತ್ತಿಲ್ಲ. ರಾಜಕಾರಣಿಗಳು ಚುನಾವಣೆ ಮುಗಿದ ಮೇಲೆ ಮತ್ತೆ ಒಟ್ಟಿಗೆ ಕೂರುತ್ತಾರೆ, ಕೂರಬೇಕು ಕೂಡ. ಅವರ ಹೆಸರಿನಲ್ಲಿ ಕಚ್ಚಾಡಿದ ನಾವು ಮಾತ್ರ ಎದುರುಬದುರು ಅಂಗಡಿಯಲ್ಲಿ ಕೂತು ಮುಖ ತಿರುಗಿಸಿಕೊಂಡೇ ಇದ್ದೆವು.

ಆ ಪೇಪರನ್ನು ಹಿಡಿದುಕೊಂಡು ರಸ್ತೆ ದಾಟಿದೆ. ಹತ್ತು ಹೆಜ್ಜೆ. ಅದನ್ನು ದಾಟಲು ನನಗೆ ಒಂದು ವರ್ಷಕ್ಕೂ ಮೇಲೆ ಹಿಡಿದಿತ್ತು. ಪೇಪರ್ ಮುಂದಿಟ್ಟು, ‘ಅವತ್ತು ಅಂದಿದ್ದು ತಪ್ಪಾಯ್ತು ಕಣೋ’ ಅಂದೆ. ಅವನು ಸುದ್ದಿ ಓದಲಿಲ್ಲ. ಗಲ್ಲಾಪೆಟ್ಟಿಗೆಯ ತಳದಿಂದ ನಾಲ್ಕಾಗಿ ಮಡಿಸಿದ ಒಂದು ಕಾಗದ ತೆಗೆದು ಬಿಡಿಸಿ ನನ್ನ ಮುಂದೆ ಹಿಡಿದ. ಪಹಣಿ. ಎರಡು ಎಕರೆ ಗದ್ದೆ, ಅವನ ಅಪ್ಪನ ಹೆಸರಿನಲ್ಲಿ. ಅಪ್ಪ ಜೀವನವಿಡೀ ಗೇಣಿಗೆ ಉತ್ತು, ಬೆಳೆದದ್ದರಲ್ಲಿ ಹೆಚ್ಚಿನ ಪಾಲನ್ನು ಒಡೆಯರ ಕಣಜಕ್ಕೆ ಅಳೆದವರು. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ತಿದ್ದುಪಡಿ ಕಾಯ್ದೆ ಬಂದ ಮೇಲೆ ಏಳನೇ ನಂಬರಿನ ಫಾರಂ ಬರೆದು, ಭೂ ನ್ಯಾಯಮಂಡಳಿಯ ಮುಂದೆ ಅಲೆದು ಆ ಗದ್ದೆ ಅವರದಾಗಿತ್ತು. ‘ನಮ್ಮಪ್ಪ ಇದನ್ನ ಎದೆ ಮೇಲಿಟ್ಕೊಂಡು ಮಲಗ್ತಿದ್ರು. ಅರಸರು ನಿಂತ ಕಡೆ ನಮ್ಮನೆ ವೋಟು. ಯಾಕೋ ಆ ಕಡೆ ಅಂತ ಒಂದ್ಸಲ ಕೇಳಿದ್ಯಾ ನೀನು?’

ನನ್ನ ಬಳಿ ಉತ್ತರ ಇರಲಿಲ್ಲ. ನನ್ನ ಸಿಟ್ಟು ಸುಳ್ಳಲ್ಲ, ಅವನ ಋಣವೂ ಸುಳ್ಳಲ್ಲ. ಎರಡಕ್ಕೂ ಬೇರಿತ್ತು. ಬೇರಿಲ್ಲದ್ದು ನಾನು ಎರವಲು ತಂದು ಅವನ ಮುಖಕ್ಕೆ ಎಸೆದ ಆ ಒಂದು ಮಾತಿಗೆ ಮಾತ್ರ.

ಅಂದಿನಿಂದ ನಾನು ಪಾಲಿಸಿಕೊಂಡು ಬಂದ ನಿಯಮವನ್ನು ನಿಮಗೂ ಹೇಳುತ್ತೇನೆ. ಎದುರಿಗಿರುವವರು ನಿಮಗೆ ಒಪ್ಪಿಗೆಯಾಗದ ಮಾತಾಡಿದರೆ ಉತ್ತರ ಕೊಡುವ ಮುಂಚೆ ‘ಯಾಕೆ ಹಾಗಂತೀರಿ?’ ಎಂದು ಕೇಳಿ. ಕೇಳಿದ ಮೇಲೆ ಪೂರ್ತಿ ಕೇಳಿಸಿಕೊಳ್ಳಿ. ಮೀಸಲಾತಿಯ ಬಗ್ಗೆ, ಭಾಷೆಯ ಬಗ್ಗೆ, ಗ್ಯಾರಂಟಿ ಯೋಜನೆಗಳ ಬಗ್ಗೆ, ಯಾವುದರ ಬಗ್ಗೆ ಆಗಲಿ, ಅವರ ಗಲ್ಲಾಪೆಟ್ಟಿಗೆಯ ತಳದಲ್ಲೂ ಒಂದು ಕಾಗದ ಇರಬಹುದು. ಅದನ್ನು ನೋಡಿದ ಮೇಲೂ ನಿಮ್ಮ ನಿಲುವು ಬದಲಾಗದೆ ಇರಬಹುದು. ನನ್ನದೂ ಬದಲಾಗಲಿಲ್ಲ, ತುರ್ತುಪರಿಸ್ಥಿತಿ ತಪ್ಪು ಎಂದು ಇವತ್ತಿಗೂ ಹೇಳುತ್ತೇನೆ. ಆದರೆ ಅವನನ್ನು ಮತ್ತೆಂದೂ ಗುಲಾಮ ಎನ್ನಲಿಲ್ಲ.

ಇನ್ನು ಸುದ್ದಿಯ ವಿಷಯ. ಸುದ್ದಿಯನ್ನು ಪರೀಕ್ಷಿಸುವುದನ್ನು ನನಗೆ ಕಲಿಸಿದವನೂ ಆ ಗೆಳೆಯನೇ.

ಅವನ ಅಂಗಡಿಯಲ್ಲಿ ಗಿರಾಕಿಗಳು ಚಿಕೋರಿ ಎಷ್ಟು ಬೆರೆಸಿದ್ದೀರಿ ಎಂದು ಅನುಮಾನಪಟ್ಟರೆ ಅವನು ವಾದ ಮಾಡುತ್ತಿರಲಿಲ್ಲ. ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ, ಮೇಲೆ ಒಂದು ಚಿಟಿಕೆ ಪುಡಿ ಉದುರಿಸುತ್ತಿದ್ದ. ಕಾಫಿ ಹಾಗೇ ತೇಲುತ್ತದೆ. ಚಿಕೋರಿಯಾದರೆ ತಕ್ಷಣ ಕಂದು ಗೆರೆ ಎಳೆಯುತ್ತಾ ತಳಕ್ಕಿಳಿಯುತ್ತದೆ. ‘ಬಿಸಿನೀರಿಗೆ ಹಾಕಿದ್ರೆ ಎರಡೂ ಒಂದೇ ಬಣ್ಣ, ಏನೂ ಗೊತ್ತಾಗಲ್ಲ. ತಣ್ಣೀರೇ ಬೇಕು’ ಎನ್ನುತ್ತಿದ್ದ. ಸುದ್ದಿಯೂ ಹಾಗೇ ಮಕ್ಕಳೇ. ಮನಸ್ಸು ಕುದಿಯುತ್ತಿರುವಾಗ ನಿಜವೂ ಸುಳ್ಳೂ ಒಂದೇ ಬಣ್ಣ. ಸುಳ್ಳು ಮಾಡುವವರಿಗೆ ಇದು ಚೆನ್ನಾಗಿ ಗೊತ್ತಿದೆ. ಅದಕ್ಕೇ ಅವರು ಮೊದಲು ನಿಮ್ಮನ್ನು ಕುದಿಸುತ್ತಾರೆ. ‘ಇದನ್ನು ನೋಡಿಯೂ ರಕ್ತ ಕುದಿಯದಿದ್ದರೆ’ ಎಂದು ಶುರುವಾಗುವ ಮೆಸೇಜು ಬಂದರೆ, ಅಲ್ಲೇ ನಿಲ್ಲಿ.

ನಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ಸಾಕ್ಷಿ ಇದೆ. 2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ಹಲ್ಲೆಯಾಗುತ್ತದೆಂಬ ವದಂತಿ ಮೊಬೈಲಿನಿಂದ ಮೊಬೈಲಿಗೆ ಹರಿದು, ಸಾವಿರಾರು ಮಂದಿ ಮಕ್ಕಳು ಮರಿ ಕಟ್ಟಿಕೊಂಡು ಬೆಂಗಳೂರು ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇನ್ನೂ ಘೋರವಾಯಿತು. ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪು ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರು ಎಂದು ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಸುದ್ದಿ ಓಡಿತು. ಅವರ ಕಾರಿಗಿಂತ ಸುದ್ದಿಯೇ ಮುಂದೆ ಹೋಗಿ ಮುಂದಿನ ಊರಿನಲ್ಲಿ ಜನರನ್ನು ಸೇರಿಸಿಬಿಟ್ಟಿತ್ತು. ಒಬ್ಬ ಎಂಜಿನಿಯರ್ ಯುವಕ ಹೊಡೆತಕ್ಕೆ ಸಿಕ್ಕಿ ಸತ್ತ. ಫಾರ್ವರ್ಡ್ ಮಾಡಿದವರಲ್ಲಿ ಹೆಚ್ಚಿನವರು ಕೊಲ್ಲಬೇಕೆಂದು ಮಾಡಿದವರಲ್ಲ. ‘ಎಚ್ಚರ ಇರಲಿ, ನಾಲ್ಕು ಜನಕ್ಕೆ ಗೊತ್ತಾಗಲಿ’ ಎಂದುಕೊಂಡವರೇ. ಅವರ ಮನೆಯಲ್ಲಿ ಅವತ್ತು ರಾತ್ರಿ ಊಟ ಎಂದಿನಂತೆ ಆಗಿರಬಹುದು. ಬೆಲೆ ತೆತ್ತದ್ದು ಇನ್ನೊಂದು ಮನೆ.

ಆದ್ದರಿಂದ ಸುದ್ದಿಯನ್ನು ತಣ್ಣೀರಿಗೆ ಹಾಕಿ. ಯಾರು ಹೇಳಿದ್ದು? ಅವರು ಅಲ್ಲಿದ್ದರೇ? ಯಾವಾಗಿನ ಫೋಟೊ? ಬೇರೆ ಯಾವ ಪತ್ರಿಕೆಯಲ್ಲಾದರೂ ಬಂದಿದೆಯೇ? ಉತ್ತರ ಸಿಗದಿದ್ದರೆ ಒಂದು ರಾತ್ರಿ ತಡೆಯಿರಿ. ಹಿಂದೆ ನಾವು ಸುದ್ದಿಗಾಗಿ ಬೆಳಗಿನವರೆಗೂ ಕಾಯಲೇಬೇಕಿತ್ತು, ಆ ಕಾಯುವಿಕೆಯಲ್ಲೇ ಎಷ್ಟೋ ಸುಳ್ಳು ತಳಕ್ಕಿಳಿದುಬಿಡುತ್ತಿತ್ತು. ಈಗ ಕಾಯಿಸುವವರು ಯಾರೂ ಇಲ್ಲ. ನೀವೇ ಕಾಯಬೇಕು.

ಇಷ್ಟೆಲ್ಲ ಮಾಡಿಯೂ ತಪ್ಪಾಗುತ್ತದೆ. ಆದಾಗ ಏನು ಮಾಡಬೇಕೆಂಬುದನ್ನು ಪೇಪರಿನಿಂದಲೇ ಕಲಿತಿದ್ದೇನೆ. ತಪ್ಪು ಸುದ್ದಿ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಬಂದಿರುತ್ತದೆ. ನಾಲ್ಕು ದಿನ ಬಿಟ್ಟು ಅದರ ತಿದ್ದುಪಡಿ ಒಳಪುಟದ ಮೂಲೆಯಲ್ಲಿ, ಕನ್ನಡಕ ಹಾಕಿದರೂ ಕಾಣದಷ್ಟು ಚಿಕ್ಕದಾಗಿ ಬರುತ್ತದೆ. ನೀವು ಹಾಗೆ ಮಾಡಬೇಡಿ. ಎಲ್ಲಿ ಹೇಳಿದಿರೋ ಅಲ್ಲೇ, ಯಾರೆದುರು ಹೇಳಿದಿರೋ ಅವರೆದುರೇ, ಅಷ್ಟೇ ದೊಡ್ಡಕ್ಷರದಲ್ಲಿ ತಪ್ಪಾಯಿತು ಎನ್ನಿ. ಗೆಳೆಯನನ್ನು ನಾಲ್ಕು ಜನರ ಮುಂದೆ ಬೈದು, ಒಬ್ಬನೇ ಇದ್ದಾಗ ಹೋಗಿ ಕ್ಷಮೆ ಕೇಳಿದವನು ನಾನು. ಅದು ಅರ್ಧ ಕ್ಷಮೆ. ಅವನು ದೊಡ್ಡವನು, ಅರ್ಧವನ್ನೇ ಪೂರ್ತಿ ಎಂದುಕೊಂಡು ಕಾಫಿ ಕೊಟ್ಟ.

ಅವನು ಹೋಗಿ ಆರು ವರ್ಷವಾಯಿತು. ಅಂಗಡಿಯನ್ನು ಮಗ ನಡೆಸುತ್ತಿದ್ದಾನೆ. 1980ರಿಂದ ಕಡೆಯ ತನಕ ನಾವು ಪ್ರತಿ ಚುನಾವಣೆಯಲ್ಲೂ ವಾದ ಮಾಡಿದೆವು, ಹೆಚ್ಚಿನ ಸಲ ಬೇರೆ ಬೇರೆ ಗುರುತಿಗೇ ವೋಟು ಹಾಕಿದೆವು. ಅವನ ಮಗಳ ಮದುವೆಯಲ್ಲಿ ನಾನೇ ಬಡಿಸಲು ನಿಂತಿದ್ದೆ. ಆದರೆ ನನ್ನ ಮದುವೆಯ ಫೋಟೊದಲ್ಲಿ ಅವನನ್ನು ಸೇರಿಸಲು ನನ್ನಿಂದ ಈಗ ಆಗುವುದಿಲ್ಲ. ಕಳೆದುಹೋದ ಆ ಒಂದೂವರೆ ವರ್ಷಕ್ಕೆ ತಿದ್ದುಪಡಿ ಇಲ್ಲ.

ನಿನ್ನೆ ಮೊಮ್ಮಗ ಬೆಂಗಳೂರಿಗೆ ಹೊರಟ. ಅವನ ಚೀಲದಲ್ಲಿ ಆ ಅಂಗಡಿಯ ಕಾಫಿಪುಡಿಯ ಎರಡು ಪೊಟ್ಟಣ ಇಟ್ಟೆ. ‘ಎರಡು ಯಾಕಜ್ಜ?’ ಅಂದ. ‘ಯಾವಾಗಲೂ ಎರಡೇ ತಾನೆ ಕಳಿಸ್ತಿದ್ದದ್ದು’ ಅಂದೆ. ಸುಮ್ಮನೆ ಚೀಲದ ಜಿಪ್ ಎಳೆದುಕೊಂಡ, ಹೊರಗೆ ತೆಗೆದಿಡಲಿಲ್ಲ. ನನಗೆ ಅಷ್ಟೇ ಸಾಕು.

ನಿಮ್ಮಲ್ಲೂ ಯಾರಿಗಾದರೂ ಹೀಗೆ ಸಿನಿಮಾದ ನೆಪದಲ್ಲೋ, ವೋಟಿನ ನೆಪದಲ್ಲೋ, ಯಾವುದೋ ಸುದ್ದಿಯ ನೆಪದಲ್ಲೋ ದೂರವಾದ ಗೆಳೆಯರು, ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಇದ್ದರೆ ಇವತ್ತೇ ಒಂದು ಫೋನ್ ಮಾಡಿ. ನಿಮ್ಮ ನಿಲುವು ಬಿಟ್ಟುಕೊಡಬೇಕಾಗಿಲ್ಲ. ‘ಅವತ್ತು ನೀನು ಯಾಕೆ ಹಾಗಂದೆ ಅಂತ ನಾನು ಕೇಳಲೇ ಇಲ್ಲ, ಈಗ ಹೇಳು’ ಎನ್ನಿ. ಆಮೇಲೆ ಅವರು ಹೇಳುವಷ್ಟು ಹೊತ್ತೂ ಸುಮ್ಮನೆ ಕೇಳಿಸಿಕೊಳ್ಳಿ.